ದೇವಿ ಸೀರೆಗೆ ಊಟದ ಎಣ್ಣೆ

ಎಣ್ಣೆ ಅಂದರೆ ಏನು ಎಂಬುದು ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ತಿಳಿಸಿದವಳು ನನ್ನ ಮೊಮ್ಮಗಳು. ಅವಳು ಜಮಖಂಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ನಾನು ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ಅವಳು ಹೇಳಿದ್ದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಮರುದಿನದಿಂದ ಓಣಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳತೊಡಗಿದೆ. ಈಗ ನಾನು ಬರುವುದು ಕಂಡರೆ ಜನ ಅಡ್ಡ ಓಣಿ ಹಿಡಿಯುತ್ತಾರೆ. ಹಿಡಿಯಲಿ. ಬರೆದಿಟ್ಟರೆ ಓಡಿಹೋಗುವವರ ಮನೆಗೇ ಹೋಗಿ ಮುಟ್ಟುತ್ತದೆ ಎಂದು ಬರೆಯಲು ಕುಳಿತಿದ್ದೇನೆ.

ನನ್ನ ತವರು ಸಾವಳಗಿ. ನಮ್ಮವರೂ ಹಿಂದೆ ನೇಕಾರರೇ. ಅಜ್ಜನ ಕಾಲಕ್ಕೆ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ ಒಕ್ಕಲುತನಕ್ಕೆ ಇಳಿದರು. ಜೋಳದ ಹೊಲದಲ್ಲಿ ನಡುನಡುವೆ ಕುಸುಬಿಯ ಸಾಲು ಇರುತ್ತಿತ್ತು. ಅದರ ಮುಳ್ಳು ಕಾಲಿಗೆ ಚುಚ್ಚಿದರೂ ಅದರ ಎಣ್ಣೆಯ ಮೇಲೆ ನಮಗೆ ಸಿಟ್ಟಿರಲಿಲ್ಲ. ಒಗ್ಗರಣೆಗೆ ಅದೇ, ಚಟ್ನಿಪುಡಿಯ ನಡುವೆ ಕುಳಿ ಮಾಡಿ ಸುರಿದುಕೊಳ್ಳುವುದಕ್ಕೂ ಅದೇ. ಕೊಬ್ಬರಿ ಎಣ್ಣೆ ಇದ್ದದ್ದು ತಲೆಗೆ ಮಾತ್ರ. ಕೊಬ್ಬರಿ ಎಣ್ಣೆಯಲ್ಲಿ ಪಲ್ಯ ಮಾಡುವ ಜನ ಈ ಭೂಮಿಯ ಮೇಲೆ ಇದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಮ್ಮವ್ವ ಅವರಿಗೆ ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿಸುತ್ತಿದ್ದಳು.

ನನ್ನನ್ನು ಕೊಟ್ಟದ್ದು ಬನಹಟ್ಟಿಗೆ. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬೈ ಸರ್ಕಾರದ ಮಂದಿಯಾಗಿದ್ದ ಕಾಲ. ನಮ್ಮ ಮಾವನಿಗೆ ಆ ಸರ್ಕಾರದಿಂದ ಬಹಳ ಅನುಕೂಲವಾಗಿತ್ತು. ಮೊದಲು ನೂಲು ಹರಿದರೆ ಹೆಂಡತಿಯನ್ನು ಬೈಯುತ್ತಿದ್ದವರು ಈಗ ಮುಂಬೈಯನ್ನೂ ಬೈಯಬಹುದಿತ್ತು. ಮಳೆ ಬಾರದಿದ್ದರೆ ಮುಂಬೈ, ಎಮ್ಮೆ ಒದ್ದರೆ ಮುಂಬೈ. ಸ್ವಂತ ತಪ್ಪು ಎಂಬ ಪದಾರ್ಥ ಮಾತ್ರ ಅವರ ಮನೆಯಲ್ಲಿ ಯಾವ ಕಾಲದಲ್ಲೂ ತಯಾರಾದದ್ದಿಲ್ಲ.

ಮದುವೆಯ ಮರುದಿನ ನಮ್ಮಪ್ಪ ನನ್ನ ಜೊತೆಗೆ ಒಂದು ಡಬ್ಬಿ ಕುಸುಬಿ ಎಣ್ಣೆ ಕಳಿಸಿದ. ಕಳಿಸುವಾಗ ಸುಮ್ಮನೆ ಕಳಿಸಲಿಲ್ಲ.

"ಬೀಗರ, ಗಾಣದ ಮುಂದ ನಾನs ನಿಂತ ತಗಸಿದ್ದು. ಇದರಾಗ ಬ್ಯಾರೇದು ಒಂದ ಹನಿ ಇದ್ರ ನನ್ನ ಹೆಸರ ಹಿಡದ ಕರೀಬ್ಯಾಡ್ರಿ."

"ನಮಗ ಸೊಸಿ ಕೊಟ್ರ್ಯೋ, ಗಾಣ ಕೊಟ್ರ್ಯೋ?" ಎಂದು ಮಾವ ನಕ್ಕರು. ಎಲ್ಲರೂ ನಕ್ಕರು. ಆ ನಗು ಹೆಚ್ಚು ದಿನ ಬಾಳಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಹೊಸ ಹಾಸು ಹಾಕಿ, ಅದರಿಂದ ಇಳಿದ ಮೊದಲ ಸೀರೆಯನ್ನು ಮನೆದೇವಿಗೆ ಉಡಿಸುವುದು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ ನೂಲು. ನೇಯುವ ಮೊದಲು ಅದನ್ನು ಓಣಿಯುದ್ದಕ್ಕೂ ಕಟ್ಟಿಗೆಯ ಮೇಲೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕುತ್ತಾರೆ. ಗಂಜಿಯಿಂದ ನೂಲಿಗೆ ಗಟ್ಟಿತನ ಬರುತ್ತದೆ. ಬರೀ ಗಂಜಿಯಾದರೆ ಒಣಗಿ ಕಡ್ಡಿಯಾಗುತ್ತದೆ. ಅದಕ್ಕೆ ಸ್ವಲ್ಪ ಎಣ್ಣೆ ಬೆರೆಸಬೇಕು. ಅವರ ಮುತ್ತಜ್ಜನ ಕಾಲದಿಂದ ಬೆರೆಸುತ್ತಿದ್ದದ್ದು ಕೊಬ್ಬರಿ ಎಣ್ಣೆ. ಯಾಕೆ ಅದೇ ಎಂದು ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಮಾವನಿಗೆ ಜ್ಞಾನೋದಯವಾಯಿತು. ಗಂಜಿಯ ಪಾತ್ರೆಯ ಮುಂದೆ ನಿಂತವರು ಕೊಬ್ಬರಿ ಎಣ್ಣೆಯ ಗಿಂಡಿಯನ್ನು ಹಿಂದಕ್ಕೆ ಸರಿಸಿದರು.

"ಇಷ್ಟ ವರ್ಷ ಎಂಥಾ ಪಾಪ ಮಾಡೇವಿ ನೋಡ್ರಿ. ತಲಿಗೆ ಹಚ್ಚೂ ಎಣ್ಣಿ ತಂದು ದೇವಿ ಸೀರಿಗೆ ಹಚ್ಚೂದಾ? ಹೇನು, ಹೊಟ್ಟು, ಇದನ್ನೆಲ್ಲಾ ಮುಟ್ಟೂ ಎಣ್ಣಿ. ಊಟದ ಎಣ್ಣಿ ಹಚ್ಚಬೇಕು. ಸೊಸಿ ತಂದ ಎಣ್ಣಿ ತರ್ರಿ."

"ಅದು ಉಣ್ಣಾಕ ತಂದದ್ರಿ," ಎಂದರು ಅತ್ತೆ.

"ನಾವ್ ಉಣ್ಣೂದ ದೇವಿಗಿಂತ ಹೆಚ್ಚಿಂದೇನ?"

ಓಣಿಯ ಹಿರಿಯರು ಭೇಷ್ ಎಂದರು. ನನಗಂತೂ ಹೊಟ್ಟೆಯೊಳಗೆ ದೀಪ ಹಚ್ಚಿದಂತಾಯಿತು. ತವರಿನ ಎಣ್ಣೆ ದೇವಿಯ ಮೈಮೇಲೆ ಹೋಗುವುದು ಸಣ್ಣ ಮಾತೇ? ನಾನೇ ಡಬ್ಬಿ ಎತ್ತಿಕೊಂಡು ಬಂದೆ. ಹಚ್ಚಿದ ದಿನ ಹಾಸು ಮಿರಿಮಿರಿ ಮಿಂಚಿತು. ಮಾವ ಹೋಗುವವರನ್ನು ಕರೆಕರೆದು ನೂಲು ಮುಟ್ಟಿಸಿದರು.

ಅಷ್ಟಕ್ಕೇ ಮಗ್ಗಕ್ಕೇರಿಸಿದ್ದರೆ ಏನಾಗುತ್ತಿತ್ತೋ. ಆದರೆ ನಮ್ಮ ಮಾವ ಪಂಚಾಂಗ ಕೇಳದೆ ಸೀನುವವರೂ ಅಲ್ಲ. ಭಟ್ಟರು ಅಮಾವಾಸ್ಯೆ ಕಳೆಯಲಿ ಎಂದರು. ಅಮಾವಾಸ್ಯೆ ಕಳೆದ ಮೇಲೆ ಯಾವುದೋ ನಕ್ಷತ್ರ ಸರಿಯಿಲ್ಲ ಎಂದರು. ಹಾಸನ್ನು ಸುತ್ತಿ ತಗಡಿನ ಮಾಡಿನ ಕೆಳಗೆ, ಒಲೆಯ ಗೋಡೆಗೆ ಆನಿಸಿ ಇಟ್ಟರು. ಬನಹಟ್ಟಿಯ ಬೇಸಿಗೆ, ಆ ತಗಡಿನ ಕೆಳಗೆ ರೊಟ್ಟಿ ಬೇಯಿಸಬಹುದಿತ್ತು.

ಕೊನೆಗೆ ಮುಹೂರ್ತ ಬಂತು. ಕಾಯಿ ಒಡೆದರು. ನನ್ನ ಗಂಡ ಮಗ್ಗದ ಕುಣಿಗೆ ಇಳಿದು ಕಾಲು ಒತ್ತಿದರು. ಹಾಸು ಎರಡಾಗಿ ಬಾಯಿ ಬಿಡಬೇಕು, ಆಗ ನಡುವೆ ಲಾಳಿ ಓಡಬೇಕು. ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಒತ್ತಿದರು. ಪಟಪಟ ಎಂದು ನೂಲು ಹರಿಯಿತು. ಕೋಣೆಯ ತುಂಬ ಬಾಗಿಲಿಗೆ ಹಚ್ಚುವ ಬಣ್ಣದಂಥ ವಾಸನೆ.

"ಏನಾತಲೇ?" ಎಂದರು ಮಾವ.

"ಅಂಟೇತ್ಯಪ್ಪಾ."

"ಏನ ಅಂಟೇತಿ?"

"ಎಲ್ಲಾ."

ಓಣಿಯೆಲ್ಲ ಬಂದು ಬಗ್ಗಿ ನೋಡಿತು. ಗಂಜಿ ಹಳಸಿರಬೇಕು ಎಂದರು ಒಬ್ಬರು. ದೃಷ್ಟಿಯಾಗಿದೆ ಎಂದರು ಇನ್ನೊಬ್ಬರು. ಮಾವ ಬೆರಳಿಂದ ನೂಲು ತಿಕ್ಕಿ ಮೂಸಿ ತೀರ್ಪು ಕೊಟ್ಟರು: "ಸಾವಳಗ್ಯಾವರು ಎಣ್ಣ್ಯಾಗ ಅಂಟ ಬೆರಸ್ಯಾರ. ಹೆಸರ ಹಿಡದ ಕರೀಬ್ಯಾಡ್ರಿ ಅಂದಿದ್ರಲ್ಲ, ಈಗ ಏನಂತ ಕರೀಲಿ ಆ ಮನಶ್ಯಾನ?"

ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು: "ಅಂಟ ಬೆರಸಿದ್ರ, ದಿನಾ ಅದನ್ನs ಚಟ್ನಿಗೆ ಸುರಕೊಂಡ ಉಣ್ಣತೀರಲ್ಲ, ನಿಮ್ಮ ಬಾಯಿ ಯಾಕ ಅಂಟಿಲ್ಲ?"

ಬಾಗಿಲಲ್ಲಿದ್ದವರು ಮುಖ ತಿರುಗಿಸಿ ನಕ್ಕರು. ಅತ್ತೆ ನನ್ನ ಪರವಾಗಿ ಅಂದರೋ, ಸಿಕ್ಕ ಅವಕಾಶ ಬಿಡಬಾರದು ಎಂದು ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅದರಿಂದ ನನಗೆ ಆದದ್ದು ಅನ್ಯಾಯವೇ. ಎಣ್ಣೆ ನಿರ್ದೋಷಿ ಎಂದಾದ ಮೇಲೆ ದೋಷ ಎಲ್ಲಿಗಾದರೂ ಹೋಗಿ ಕೂಡಬೇಕಲ್ಲ. ಎದುರುಮನೆಯ ಮುದುಕಿ ಅದಕ್ಕೆ ಜಾಗ ತೋರಿಸಿದಳು.

"ಎಣ್ಣಿ ಛಲೋ ಇರಬಹುದು. ಅದನ್ನ ಹೊತಗೊಂಡ ಬಂದಾಕಿ ಕಾಲಗುಣಾ ಹೆಂಗೈತಿ ನೋಡ್ರಿ."

ಎಲ್ಲರೂ ನನ್ನ ಕಾಲು ನೋಡಿದರು. ನಾನೂ ನೋಡಿಕೊಂಡೆ.

ದೇವಿಯ ಸೀರೆ ನಿಂತುಹೋಗಿತ್ತು, ಅದೇ ದೊಡ್ಡ ಅಪಶಕುನ. ಮಾವ ಆ ಸಂಜೆ ಕಟ್ಟೆಯ ಮೇಲೆ ಕುಳಿತು, ನನಗೆ ಕೇಳಲಿ ಎಂದೇ ಮಗನಿಗೆ ಹೇಳಿದರು: "ಪಂಚಮಿಗೆ ತವರಿಗೆ ಕಳಸೂಣು. ಎಲ್ಲಾ ಸೊಸ್ತೇರೂ ಹೋಗತಾರ, ಈಕೀನೂ ಹೋಗಲಿ. ಆದ್ರ ಹೊಳ್ಳಿ ಕರಿಯಾಕ ಯಾರೂ ಹೋಗೂದ ಬ್ಯಾಡ."

ಹೊಡೆದು ಹೊರಗೆ ಹಾಕಿದರೆ ನಾಲ್ಕು ಮಂದಿ ಕೇಳುತ್ತಾರೆ. ಹಬ್ಬಕ್ಕೆ ಕಳಿಸಿ ಮರೆತುಬಿಟ್ಟರೆ ಯಾರೂ ಕೇಳುವುದಿಲ್ಲ. ಮರ್ಯಾದಸ್ಥರ ಉಪಾಯ. ನನ್ನ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಅಕ್ಕನನ್ನು ಕಾಲ್ಗುಣಕ್ಕೆ ಬಿಟ್ಟರು ಎಂದರೆ ಅವರನ್ನು ಕೇಳಿಕೊಂಡು ಯಾರು ಬರುತ್ತಾರೆ?

ಆಗ ಮುತ್ಯಾ ಏನಂದರು ಎಂದು ಮೊಮ್ಮಗಳು ಕೇಳಿದಳು. ಅವಳ ಮುತ್ಯಾ, ಅಂದರೆ ನನ್ನ ಗಂಡ, ಆಗ ಲಾಳಿ ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು. ಬನಹಟ್ಟಿಯಲ್ಲಿ ಅಷ್ಟು ಸ್ವಚ್ಛ ಲಾಳಿ ಇನ್ನೊಂದು ಇರಲಿಕ್ಕಿಲ್ಲ.

ನನ್ನ ಖುಷಿಗೆ ಕಾರಣವಾದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ತಮಾಷೆ ಚೆನ್ನಾಗಿ ತಿಳಿಯುತ್ತದೆ.

ಈಚೆಗೆ ಒಂದು ದಿನ ಮೊಮ್ಮಗಳು ಅಡುಗೆಮನೆಯಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿದ್ದಳು. ನಾನು ಎಣ್ಣೆಯ ಡಬ್ಬಿಯ ಅಂಚಿಗೆ ಹತ್ತಿದ ಕಂದು ಜಿಡ್ಡನ್ನು ಕೆರೆಯುತ್ತಿದ್ದೆ. ಬೂದಿ ಹಾಕಿ ತಿಕ್ಕಿದರೂ ಅದು ಹೋಗುವುದಿಲ್ಲ, ಹುಣಸೆಹಣ್ಣಿಗೂ ಜಗ್ಗುವುದಿಲ್ಲ.

"ಇದೇನ ಜಿಡ್ಡ ಇದು, ಗೋಂದ ಆಗೇತಿ," ಎಂದೆ.

"ಅದು ಆಗಬೇಕs, ಆಯಿ. ಅದರ ಬಾಲ ಹಂಗದಾವ," ಎಂದಳು.

ಎಣ್ಣೆಗೆ ಬಾಲ. ಈ ಹುಡುಗಿಗೂ ಬಿಸಿಲು ಬಡಿದಿದೆ ಎಂದುಕೊಂಡೆ. ಅವಳು ರಂಗೋಲಿ ಹಿಟ್ಟು ತಂದು ನೆಲದ ಮೇಲೆ ಒಂದು ಗಿಡ್ಡ ಗೆರೆ ಎಳೆದಳು, ಅದಕ್ಕೆ ಮೂರು ಉದ್ದ ಗೆರೆ ಜೋಡಿಸಿದಳು.

"ಎಣ್ಣಿ ಆಗಲಿ, ತುಪ್ಪ ಆಗಲಿ, ಎಲ್ಲಾ ಹಿಂಗs ಕಟ್ಟಿರೂದು. ಇದು ಬೆನ್ನು, ಗ್ಲಿಸರಿನ್."

"ತುಟಿ ಒಡದ್ರ ಹಚ್ಚತಾರಲ್ಲ, ಅದಾ?"

"ಅದs. ಇವು ಮೂರು ಬಾಲ. ಕೊಬ್ಬಿನ ಆಮ್ಲ ಅಂತಾರ. ಎಲ್ಲಾ ಎಣ್ಣ್ಯಾಗೂ ಬೆನ್ನ ಒಂದs, ಬಾಲ ಅಷ್ಟ ಬ್ಯಾರೆ ಬ್ಯಾರೆ."

ಕೊಬ್ಬರಿ ಎಣ್ಣೆಯ ಬಾಲ ಗಿಡ್ಡವಂತೆ. ಅದರ ಕಣಗಳು ಒಂದರ ಕೈ ಒಂದು ಗಟ್ಟಿಯಾಗಿ ಹಿಡಿದು, ಉಳಿದ ಕೈಗಳನ್ನೂ ತುಂಬಿಸಿಕೊಂಡು ಕುಳಿತಿರುತ್ತವೆ. ಹೊರಗಿನವರಿಗೆ ಅಲ್ಲಿ ಜಾಗವಿಲ್ಲ. ಕುಸುಬಿಯ ಬಾಲ ಉದ್ದ, ಮತ್ತು ಹೆಚ್ಚಿನವುಗಳಲ್ಲಿ ಎರಡು ಕಡೆ ಬಿಗಿ ಸಾಲದು. ಗಾಳಿಯಲ್ಲಿರುವ ಆಮ್ಲಜನಕ ಬಂದು ಆ ಸಡಿಲ ಜಾಗದಲ್ಲಿ ಕೈ ಹಾಕುತ್ತದೆ. ಆಮೇಲೆ ಈ ಬಾಲಕ್ಕೂ ಪಕ್ಕದ ಬಾಲಕ್ಕೂ ಗಂಟು ಬೀಳುತ್ತದೆ, ಅದಕ್ಕೂ ಅದರಾಚೆಯದಕ್ಕೂ ಗಂಟು. ತೆಳ್ಳಗೆ ಹಚ್ಚಿ ಬಿಸಿಯಲ್ಲಿಟ್ಟು ಕಾಯುತ್ತ ಕುಳಿತರೆ ಎಣ್ಣೆಯೆಲ್ಲ ಬಲೆಯಾಗಿಬಿಡುತ್ತದೆ.

ನಾನು ಡಬ್ಬಿ ಕೆಳಗಿಟ್ಟೆ. "ಅಂದ್ರ ಎಣ್ಣಿ ತಾನs ನೇಯತೈತೇನs ತಂಗಿ?"

"ನೇಯತೈತಿ ಅಂತ ತಿಳಕೋ."

ನಮ್ಮ ಮಾವ ಮುಹೂರ್ತ ನೋಡುತ್ತ ಕುಳಿತಿದ್ದಾಗ ಎಣ್ಣೆ ಯಾರ ಪಂಚಾಂಗವನ್ನೂ ಕೇಳದೆ ನೇಯ್ದು ಮುಗಿಸಿತ್ತು. ನಾನು ನಕ್ಕ ರಭಸಕ್ಕೆ ಮಗ ಹೊರಗಿನಿಂದ ಓಡಿಬಂದ. ಅವನಿಗೆ ಹೇಳೋಣವೆಂದರೆ ಅವನು ಚಮಚೆಯಲ್ಲಿ ಎಣ್ಣೆ ಅಳೆದು ಉಣ್ಣುವವನು, ಟಿವಿಯಲ್ಲಿ ಹೃದಯದ ಚಿತ್ರ ತೋರಿಸಿ ಮಾರುವ ಎಣ್ಣೆಯನ್ನೇ ತರುವವನು. ನಾನು ಮೊಮ್ಮಗಳನ್ನೇ ಹಿಡಿದು ಕೂರಿಸಿದೆ. ಗಂಜಿ ಯಾತರಿಂದ ಆದದ್ದು ಎಂದು ಕೇಳಿದೆ. ಸಕ್ಕರೆಯ ಸಣ್ಣ ಮಣಿಗಳನ್ನು ಪೋಣಿಸಿದ್ದು ಎಂದಳು. ಹತ್ತಿಯ ನೂಲು? ಅದೂ ಅದೇ ಮಣಿ, ಪೋಣಿಸುವ ರೀತಿ ಬೇರೆ. ರೇಷ್ಮೆ, ಕೂದಲು? ಅದಕ್ಕೆ ಬೇರೆ ಮಣಿ, ಅಮೈನೋ ಆಮ್ಲ. ಅಂದರೆ ಬನಹಟ್ಟಿಯ ನೇಕಾರರು ತಲೆತಲಾಂತರದಿಂದ ಸಕ್ಕರೆಗೆ ಸಕ್ಕರೆ ಹಚ್ಚಿ ಸಕ್ಕರೆ ನೇಯ್ದು ಬಂದಿದ್ದಾರೆ, ಸ್ವಭಾವ ಮಾತ್ರ ಹಾಗಲಕಾಯಿ.

ಇನ್ನೊಂದು ಮಾತೂ ನನಗೆ ಹೊಳೆಯಿತು. ಆ ಓಣಿಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ತೊಳೆದವರಿಗೆಲ್ಲ, ಅತ್ತೆಗೆ, ನನಗೆ, ಎದುರುಮನೆಯ ಮುದುಕಿಗೆ ಕೂಡ, ಅದು ಅಂಟುತ್ತದೆ ಎಂದು ಗೊತ್ತಿತ್ತು. ಉಗುರು ಸವೆಯುವಷ್ಟು ಗೊತ್ತಿತ್ತು. ಆದರೆ ಡಬ್ಬಿಯ ಅಂಚಿನ ಜಿಡ್ಡನ್ನೂ ಮಗ್ಗದ ನೂಲನ್ನೂ ಒಟ್ಟಿಗೆ ಇಟ್ಟು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಕಾಲ್ಗುಣ ಎಂಬ ಉತ್ತರ ಕೈಗೆಟುಕುವಷ್ಟು ಹತ್ತಿರ ಇರುವಾಗ ಯೋಚನೆಗೆ ಯಾರು ಹೋಗುತ್ತಾರೆ?

ಈಗ ಮಾವನ ಕಡೆಗೆ ಬರುತ್ತೇನೆ. ನನ್ನನ್ನು ಕಳಿಸಿ ಮರೆಯುವುದಷ್ಟೇ ಅವರಿಗೆ ಸಮಾಧಾನ ಕೊಡಲಿಲ್ಲ. ನಾಳೆ ಬೀಗರು ಬಂದು ಕೇಳಿದರೆ ಮುಖದ ಮುಂದೆ ಹಿಡಿಯಲು ಸಾಕ್ಷಿ ಬೇಕಿತ್ತು. ಅದಕ್ಕೆ ಒಂದು ಉಪಾಯ ತೆಗೆದರು.

"ಇನ್ನೊಂದ ಹಾಸ ಹಾಕತೇನಿ. ಎಲ್ಲಾ ಹಿಂದಿನಂಗs. ಊಟದ ಎಣ್ಣೀನs. ಆದ್ರ ನಮ್ಮೂರ ಗಾಣದ್ದು, ನನ್ನ ಕಣ್ಣಮುಂದ ತಗಸಿದ್ದು. ಈಕಿ ಅದನ್ನ ಮುಟ್ಟೂಹಂಗಿಲ್ಲ. ಅದು ಛಲೋ ಬಂತಂದ್ರ ದೋಷ ಯಾರದಂತ ಊರಿಗೆಲ್ಲಾ ಗೊತ್ತಾಗತೈತಿ."

ಒಂದನ್ನು ಬದಲಿಸಿ ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ನೋಡುವುದು, ಪ್ರಯೋಗಶಾಲೆಯಲ್ಲಿ ಮಾಡುವುದೂ ಇದನ್ನೇ ಎಂದಳು ಮೊಮ್ಮಗಳು. ಅಂದರೆ ನಮ್ಮ ಮಾವ ದೊಡ್ಡ ವಿಜ್ಞಾನಿ. ಉತ್ತರವನ್ನು ಮಾತ್ರ ಮೊದಲೇ ಬರೆದಿಟ್ಟುಕೊಂಡಿದ್ದರು, ಅಷ್ಟೇ.

ಗಂಜಿ ಹಚ್ಚುವ ದಿನ ನನ್ನನ್ನು ಹಿತ್ತಲಿಗೆ ಕಳಿಸಿದರು. ನನ್ನ ನೆರಳೂ ಬೀಳಬಾರದು ಎಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿದರು. ನಾನು ಎಮ್ಮೆಯ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಕುಂಚ ತಿಕ್ಕುವ ಸದ್ದು, ಮಾವ ಓಣಿಯವರಿಗೆ ನೂಲು ಮುಟ್ಟಿಸುವ ಸದ್ದು. "ನೋಡ್ರಿ, ರೇಷ್ಮಿ ಆಗೇತಿ ರೇಷ್ಮಿ." ಹೌದು, ಮೊದಲ ದಿನ ಅದು ರೇಷ್ಮೆಯಂತೆಯೇ ಇರುತ್ತದೆ. ನನಗೆ ಅದು ಗೊತ್ತಿರಲಿಲ್ಲ. ನಾನು ಸತ್ತೆ ಎಂದುಕೊಂಡೆ.

ಭಟ್ಟರು ಈ ಸಲ ಕಾರಹುಣ್ಣಿಮೆ ಕಳೆಯಲಿ ಎಂದರು. ಹಾಸು ಮತ್ತೆ ತಗಡಿನ ಕೆಳಗೆ ಒಲೆಯ ಗೋಡೆ ಸೇರಿತು. ಆ ಒಲೆಯ ಮುಂದೆ ರೊಟ್ಟಿ ಬಡಿಯುವವಳು ನಾನು. ಗೋಡೆಯ ಆಚೆ ನನ್ನ ಹಣೆಬರಹ ಸುತ್ತಿಕೊಂಡು ಮಲಗಿತ್ತು. ದಿನವೂ ಉರಿ ಹಾಕುತ್ತ ಮನೆದೇವಿಯನ್ನು ಬೇಡಿಕೊಂಡೆ: ತಾಯೀ, ಇದೂ ಅಂಟಲಿ. ನಿನಗೆ ಈ ವರ್ಷ ಸೀರೆ ಇಲ್ಲದಿದ್ದರೂ ನಡೆಯುತ್ತದೆ, ನಿನ್ನ ಹತ್ತಿರ ಬಹಳ ಇವೆ. ಹೀಗೆ ಬೇಡಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಕಾರಹುಣ್ಣಿಮೆ ಕಳೆದ ಸೋಮವಾರ ಮತ್ತೆ ಕಾಯಿ ಒಡೆದರು. ಸಾಕ್ಷಿಗೆಂದು ಮಾವನೇ ಮನೆಮನೆಗೆ ಹೋಗಿ ಜನ ಕರೆದಿದ್ದರು. ನನ್ನ ಗಂಡ ಕುಣಿಗೆ ಇಳಿದು ಕಾಲು ಒತ್ತಿದರು.

ಪಟ್.

ಇನ್ನೊಮ್ಮೆ ಒತ್ತಿದರು. ಪಟಪಟ. ಅದೇ ಬಣ್ಣದ ವಾಸನೆ. ನಾನು ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ನಗು ಬಂದದ್ದೋ ಅಳು ಬಂದದ್ದೋ, ಎರಡನ್ನೂ ಆ ಸೆರಗೇ ತಡೆಯಿತು.

ಎದುರುಮನೆಯ ಮುದುಕಿಗೆ ತಡೆಯಲಾಗಲಿಲ್ಲ. "ಹುಡಿಗಿ ಮುಟ್ಟಿಲ್ಲ, ನೋಡಿಲ್ಲ. ಈಗ ಯಾರ ಕಾಲಗುಣಾ ಅನ್ನೂದ್ರಿ ಯಜಮಾನ್ರ?"

ಮಾವ ನೂಲು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೂಲ ಖರಾಬ ಐತಿ," ಎಂದರು. "ಮುಂಬೈ ಸರ್ಕಾರ ಬಂದ ಮ್ಯಾಲ ಎಂಥಾ ನೂಲ ಬರಾಕತ್ತೇತಿ ನೋಡ್ರಿ."

ಮೂರನೆಯ ಹಾಸು ಹಾಕುವಾಗ ಕೊಬ್ಬರಿ ಎಣ್ಣೆಯ ಗಿಂಡಿ ತನ್ನ ಜಾಗಕ್ಕೆ ವಾಪಸು ಬಂತು. ಯಾರು ತಂದಿಟ್ಟರೆಂದು ಯಾರೂ ಕೇಳಲಿಲ್ಲ. ಅದೇ ಕೆಟ್ಟ ನೂಲು ಚೆನ್ನಾಗಿ ನೇಯಿಸಿಕೊಂಡಿತು.

ಪಂಚಮಿಗೆ ನನ್ನನ್ನು ಕರೆದೊಯ್ಯಲು ತಮ್ಮ ಬಂದ. ನಾನು ಗಂಟು ಕಟ್ಟಿದೆ. ಕರೆಯಲು ಬರುತ್ತೇವೆ ಎಂದು ಯಾರೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಹೊಸ್ತಿಲಲ್ಲಿ ಅತ್ತೆಯೇ ಬಾಯಿ ಬಿಟ್ಟರು. "ಹೊಳ್ಳಿ ಕರಿಯಾಕ ಯಾರ ಬರತಾರಂತ ಹೇಳಿ ಕಳಸ್ರಿ. ಅವರಪ್ಪ ಕೇಳಿದ್ರ ಹುಡುಗ ಏನ ಹೇಳಬೇಕು?" ಮಾವ ತಲೆಯೆತ್ತಿ ತಗಡಿನ ಮೊಳೆಗಳನ್ನು ನೋಡತೊಡಗಿದರು.

ಸಾವಳಗಿಯಲ್ಲಿ ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು. ನನ್ನ ಜೊತೆಗೆ ಮದುವೆಯಾದ ಗೆಳತಿಯರನ್ನೆಲ್ಲ ಅವರ ಮನೆಯವರು ಬಂದು ಕರೆದುಕೊಂಡು ಹೋದರು. ಅವ್ವನಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಅವಳು ದಿನವೂ ಬಸ್ಸಿನ ಹೊತ್ತಿಗೆ ನೀರಿನ ನೆಪ ಮಾಡಿ ಹೊರಗೆ ಹೋಗತೊಡಗಿದಳು.

ಒಂದು ದಿನ ಬಸ್ಸಿನಿಂದ ಇಳಿದವರು ನನ್ನ ಗಂಡನಲ್ಲ, ಮಾವನೇ. ಸೊಸೆಯನ್ನು ಕರೆಯಲು ಮಾವ ತಾನೇ ಬರುವುದು ನಮ್ಮಲ್ಲಿ ಕಡಿಮೆ. ಹರಿದ ನೂಲು ಬಿಡಿಸುತ್ತ ಮಗ ಮನೆಯಲ್ಲಿದ್ದಾನೆ ಎಂದರು. ಅತ್ತೆ ಮನೆಯಲ್ಲಿ ಏನೇನು ಅಂದಿದ್ದರೋ, ಅದನ್ನು ಅವರು ಹೇಳಲಿಲ್ಲ.

"ಮಗ್ಗ ಹೆಂಗ ನಡದಾವ್ರಿ ಬೀಗರ?" ಎಂದ ಅಪ್ಪ.

"ಛಲೋ ನಡದಾವ."

ಅವ್ವ ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿಪುಡಿ ಬಡಿಸಿದಳು. ಚಟ್ನಿಯ ಮೇಲೆ ಎಣ್ಣೆ ಸುರಿದಳು. ನಾನು ಬಾಗಿಲ ಸಂದಿಯಿಂದ ಕಣ್ಣು ಕೀಳದೆ ನೋಡುತ್ತಿದ್ದೆ. ಮಾವ ಕಲಸಿದರು, ಉಂಡರು, ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು.

"ಎಣ್ಣಿ ಇನ್ನೊಂಚೂರ ಹಾಕ್ರಿ, ಬೀಗತೇರ."

ಊಟವಾದ ಮೇಲೆ ಕೈ ಒರೆಸಿಕೊಂಡು ಕಟ್ಟೆಗೆ ಬಂದು, ನನ್ನ ಕಡೆ ನೋಡದೆ ಹೇಳಿದರು: "ನಡಿಯವಾ, ಗಂಟ ತಗೋ. ಸಂಜೀ ಬಸ್ಸಿಗೆ ಹೋಗೂಣು."

ಅಷ್ಟು ದಿನ ಆ ಒಂದು ಮಾತಿಗೆ ಕಾದಿದ್ದೆ. ಮಾತು ಬಂದದ್ದೇ ನನ್ನ ಬಾಯಿಗೆ ಎಲ್ಲಿಂದ ಧೈರ್ಯ ಬಂತೋ.

"ಇವತ್ತ ಆಗೂದಿಲ್ರಿ ಮಾವಾರ. ನಾಳೆ ಬಳಿಗಾರ ಬರತಾನ. ಬಳಿ ಇಡಿಸಿಕೊಂಡ ಬರತೇನಿ."

ಅಪ್ಪ ಗಾಬರಿಯಾದ. ಅವ್ವ ಒಳಗೆ ತಿರುಗಿಕೊಂಡಳು, ಅವಳ ಬೆನ್ನು ನಗುತ್ತಿತ್ತು. ಮಾವ ಒಮ್ಮೆ ನನ್ನನ್ನು ನೋಡಿದರು. "ಆತು," ಎಂದು ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟರು.

ಮರುದಿನ ಬಳೆಗಾರ ಅಂಗಳದಲ್ಲಿ ಬಳೆಯ ಮಲಾರ ಬಿಚ್ಚಿ ಕುಳಿತ. ಮಾವ ಕಟ್ಟೆಯ ಮೇಲೆ ಬೀಗರು ಕೊಟ್ಟ ಎಲೆ ಅಡಿಕೆ ಹಾಕಿಕೊಂಡು, ಒಂದು ಕಣ್ಣು ದಾರಿಯ ಮೇಲೆ, ಒಂದು ಕಣ್ಣು ನನ್ನ ಕೈಯ ಮೇಲೆ ಇಟ್ಟು ಕುಳಿತಿದ್ದರು. ಹಸಿರು ಬಳೆ ಒಂದೊಂದಾಗಿ ಏರುತ್ತಿತ್ತು. ನಾವು ಹಿಡಿಯಬೇಕಾಗಿದ್ದ ಬೆಳಗಿನ ಬಸ್ಸು ಧೂಳೆಬ್ಬಿಸಿಕೊಂಡು ಜಮಖಂಡಿಯ ಕಡೆಗೆ ಹೋಯಿತು. ಅವಸರ ಮಾಡಬೇಡ ಎಂದು ಬಳೆಗಾರನಿಗೆ ನಾನೇ ಹೇಳಿದ್ದೆ.